ಅಮ್ಮ ಕತ್ತರಿಸಿಟ್ಟ ತುಣುಕಿನಲ್ಲಿ ತಾರೀಖೇ ಇಲ್ಲ

ಹೋದ ವರ್ಷ ಭರತನಾಟ್ಯ ಕಲಾವಿದೆಯೊಬ್ಬರು ನನ್ನ ಮೇಜಿನ ಮೇಲೆ ದಪ್ಪನೆಯ ಫೈಲೊಂದನ್ನು ಇಟ್ಟರು. ಮೈಸೂರಿನಲ್ಲಿರುವ ಅವರ ಅಮ್ಮ ಇಪ್ಪತ್ತು ವರ್ಷ ಜೋಪಾನ ಮಾಡಿದ ಪತ್ರಿಕೆ ತುಣುಕುಗಳು, ಒಟ್ಟು ಹದಿನಾಲ್ಕು. ಕತ್ತರಿ ಎಷ್ಟು ನೀಟಾಗಿ ಆಡಿತ್ತೆಂದರೆ, ಪತ್ರಿಕೆಯ ಹೆಸರಿಲ್ಲ, ತಾರೀಖಿಲ್ಲ, ವಿಮರ್ಶೆ ಬರೆದವರು ಯಾರೆಂಬುದೂ ಇಲ್ಲ. ಮಗಳ ಫೋಟೊ, ಅದರ ಪಕ್ಕ ನಾಲ್ಕು ಸಾಲು ಹೊಗಳಿಕೆ. ಅಮ್ಮನಿಗೆ ಬೇಕಾದದ್ದು ಅಷ್ಟೇ. ಅಮೆರಿಕದ ವಲಸೆ ಅಧಿಕಾರಿಗೆ ಬೇಕಾದದ್ದು ಕತ್ತರಿ ಬಿಟ್ಟುಬಂದ ಆ ಮೂರು.

ನಾನು ನ್ಯೂಜೆರ್ಸಿಯಲ್ಲಿ ವಲಸೆ ಕಾನೂನಿನ ವಕೀಲೆ. ನನ್ನಲ್ಲಿಗೆ ಬರುವ ಕನ್ನಡದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಗಂಡನ ಎಚ್-1ಬಿ ಎಂಬ ಉದ್ಯೋಗ ವೀಸಾದ ಬೆನ್ನಿಗೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಬಂದವರು. ಸಾಫ್ಟ್‌ವೇರ್ ಓದಿದವರಿಗೆ ದಾರಿ ಕಷ್ಟದ್ದಾದರೂ ಗೊತ್ತಿರುವ ದಾರಿ. ನೃತ್ಯ, ಸಂಗೀತ, ಉಡುಪು ವಿನ್ಯಾಸದವರು ಮಾತ್ರ ಕುರ್ಚಿಯಲ್ಲಿ ಕೂರುವ ಮೊದಲೇ ಒಂದು ಮಾತು ಹೇಳುತ್ತಾರೆ: "ಮೇಡಂ, ನಾನು ಕೆಲಸ ಅಂತೇನೂ ಮಾಡ್ತಿಲ್ಲ, ಸುಮ್ನೆ ಮನೇಲಿ ಹತ್ತು ಮಕ್ಕಳಿಗೆ ಹೇಳಿಕೊಡ್ತೀನಿ."

ನನಗೆ ಭಯ ಹುಟ್ಟಿಸುವುದು ಆ "ಸುಮ್ನೆ". ಕೆಲಸದ ಪರವಾನಗಿ ಇಲ್ಲದವರನ್ನು ಅದು ತೊಂದರೆಗೆ ಸಿಕ್ಕಿಸುತ್ತದೆ. ಪರವಾನಗಿ ಇರುವವರ ಕೈಯಲ್ಲಿ ಒಂದು ಚೀಟಿಯೂ ಉಳಿಯದಂತೆ ಮಾಡುತ್ತದೆ.

ಮೊದಲನೆಯದನ್ನು ನೋಡೋಣ. ಬರೀ ಎಚ್-4 ಇರುವವರು ಇಲ್ಲಿ ದುಡಿಯುವಂತಿಲ್ಲ. ದುಡಿಮೆ ಎಂದರೆ ಕಂಪನಿಯ ಸಂಬಳ ಮಾತ್ರ ಅಲ್ಲ. ಬೇಸ್‌ಮೆಂಟಿನಲ್ಲಿ ಅಡವು ಹೇಳಿಕೊಟ್ಟು ತಿಂಗಳಿಗಿಷ್ಟು ಎಂದು ಝೆಲ್‌ನಲ್ಲಿ ಹಣ ಪಡೆದರೆ ಅದು ದುಡಿಮೆ. ವಾಟ್ಸಾಪ್ ಗುಂಪಿನಲ್ಲಿ ಇಳಕಲ್ ಸೀರೆ ಮಾರಿದರೂ, ನೆರೆಯವರ ಬ್ಲೌಸ್ ಹೊಲಿದುಕೊಟ್ಟು ಗಿಫ್ಟ್ ಕಾರ್ಡ್ ಪಡೆದರೂ ದುಡಿಮೆಯೇ. "ಅದು ಫೀಸ್ ಅಲ್ಲ, ಗುರುದಕ್ಷಿಣೆ" ಎಂದು ಒಬ್ಬರು ವಾದಿಸಿದರು. ಹೆಸರು ಬದಲಾದರೆ ಹಣದ ಗುಣ ಬದಲಾಗುವುದಿಲ್ಲ. ಲಾಭರಹಿತ ಸಂಸ್ಥೆಯಲ್ಲಿ, ಯಾರಿಗೂ ಸಂಬಳ ಕೊಡದ ಜಾಗದಲ್ಲಿ, ಏನನ್ನೂ ಬಯಸದೆ ಮಾಡುವ ಸೇವೆ ಬೇರೆ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳ ನೃತ್ಯ ಕಲಿಸಿದರೆ ಯಾರೂ ತಕರಾರು ಮಾಡುವುದಿಲ್ಲ.

ಈ ತಪ್ಪು ಕಣ್ಣಿಗೆ ಬೀಳುವುದು ಗ್ರೀನ್ ಕಾರ್ಡಿನ ಕೊನೆಯ ಹಂತದಲ್ಲಿ. ಉದ್ಯೋಗದ ಮೂಲಕ ಅರ್ಜಿ ಹಾಕಿದ ಕುಟುಂಬಗಳಿಗೆ ಕಾನೂನು ಸ್ವಲ್ಪ ಕ್ಷಮೆ ತೋರಿಸುತ್ತದೆ. ಕಡೆಯ ಸಲ ಕ್ರಮಬದ್ಧವಾಗಿ ದೇಶದೊಳಗೆ ಬಂದ ಮೇಲಿನ ಇಂಥ ಲೋಪಗಳು ಒಟ್ಟು 180 ದಿನ ದಾಟಿರಬಾರದು. ವಾರಕ್ಕೆ ಎರಡೇ ಕ್ಲಾಸ್ ಮಾಡಿದೆ ಎಂದು ಎರಡೇ ದಿನ ಎಣಿಸಲು ಬರುವುದಿಲ್ಲ, ರಜಾದಿನಗಳೂ ಲೆಕ್ಕಕ್ಕೆ ಬರುತ್ತವೆ.

2015ರ ಮೇ 26ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಕೆಲಸದ ಪರವಾನಗಿ, ಅಂದರೆ ಇಎಡಿ, ಸಿಗತೊಡಗಿತು. ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಅವರ ಎಚ್-1ಬಿ ಆರು ವರ್ಷದ ಮಿತಿ ದಾಟಿ ಮುಂದುವರಿದಿರಬೇಕು. 2017ರ ಕೊನೆಯವರೆಗೆ ಇದನ್ನು ಪಡೆದವರಲ್ಲಿ ಶೇ 93 ಮಂದಿ ಭಾರತದಲ್ಲಿ ಹುಟ್ಟಿದವರು. ಹೆಂಗಸರ ಪಾಲೂ ಶೇ 93. ಈ ಕಾರ್ಡಿನ ಚಂದ ಏನೆಂದರೆ ಇಂಥದೇ ಕೆಲಸ ಎಂಬ ಕಟ್ಟಿಲ್ಲ: ಕಂಪನಿ ತೆರೆಯಬಹುದು, ನೃತ್ಯಶಾಲೆ ನಡೆಸಬಹುದು, ಬೊಟಿಕ್ ಹಾಕಬಹುದು. ಕೊರತೆ ನವೀಕರಣದ್ದು. ಮೊದಲೆಲ್ಲ ಅರ್ಜಿ ಹಾಕಿಟ್ಟರೆ ಹಳೆಯ ಕಾರ್ಡು ತಾನಾಗಿ ಮುಂದುವರಿಯುವ ಅವಕಾಶವಿತ್ತು. 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಅದು ಇಲ್ಲ. ಹೊಸ ಕಾರ್ಡು ಬರುವುದು ತಡವಾದರೆ ಹಳೆಯದರ ಅವಧಿ ಮುಗಿದಂದಿನಿಂದಲೇ ಕ್ಲಾಸ್ ಮುಚ್ಚಬೇಕು. ಮಗುವಿನ ರಂಗಪ್ರವೇಶ ಮುಂದಿನ ತಿಂಗಳಿದ್ದರೂ ಅಷ್ಟೇ. ಅವಧಿ ಮುಗಿಯುವುದಕ್ಕೆ 180 ದಿನ ಮೊದಲೇ ಅರ್ಜಿ ಹಾಕಲು ಬರುತ್ತದೆ, ಆ ದಿನವನ್ನು ಈಗಲೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಗಂಡನ ಫೈಲಿಗೆ ಅಂಟಿಕೊಳ್ಳದೆ ಸ್ವಂತ ಕಾಲಿನ ಮೇಲೆ ನಿಲ್ಲುವ ದಾರಿ ಓ-1ಬಿ, ಕಲೆಯಲ್ಲಿ ಹೆಸರು ಮಾಡಿದವರಿಗೆ ಕೊಡುವ ವೀಸಾ. ಎಚ್-1ಬಿಗೆ ಇರುವಂತೆ ಇದಕ್ಕೆ ಲಾಟರಿ ಇಲ್ಲ, ವರ್ಷಕ್ಕಿಷ್ಟೇ ಎಂಬ ಮಿತಿಯೂ ಇಲ್ಲ, ಮೊದಲ ಸಲ ಮೂರು ವರ್ಷದವರೆಗೆ ಸಿಗುತ್ತದೆ. ಕಲೆಯ ಅರ್ಥವನ್ನು ನಿಯಮ ಬಹಳ ವಿಶಾಲವಾಗಿ ಹೇಳಿದೆ. ನರ್ತಕಿಯಷ್ಟೇ ಅಲ್ಲ, ನೃತ್ಯಸಂಯೋಜಕಿ, ಉಡುಪು ವಿನ್ಯಾಸಕಿ, ಮೇಕಪ್ ಕಲಾವಿದೆಯೂ ಬರುತ್ತಾರೆ. ಆ ಪಟ್ಟಿಯಲ್ಲಿ ಪ್ರಾಣಿಗಳನ್ನು ಪಳಗಿಸುವವರೂ ಇದ್ದಾರೆ, ಇದು ತಮಾಷೆಯಲ್ಲ. ಗ್ರ್ಯಾಮಿಯಂಥ ದೊಡ್ಡ ಪ್ರಶಸ್ತಿ ಇಲ್ಲದಿದ್ದರೆ ಆರು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ತೋರಿಸಬೇಕು. ಹೆಸರಾಂತ ಕಾರ್ಯಕ್ರಮಗಳಲ್ಲಿ ಮುಖ್ಯ ಪಾತ್ರ, ಪತ್ರಿಕಾ ವಿಮರ್ಶೆ, ಹೆಸರಾಂತ ಸಂಸ್ಥೆಯಲ್ಲಿ ಪ್ರಮುಖ ಸ್ಥಾನ, ದೊಡ್ಡ ಯಶಸ್ಸು ಕಂಡ ಪ್ರಯೋಗಗಳು, ತಜ್ಞರ ಅಥವಾ ಸರ್ಕಾರದ ಮನ್ನಣೆ, ಹೆಚ್ಚಿನ ಸಂಭಾವನೆ.

ನಮ್ಮವರು ಎಡವುವುದು ಇಲ್ಲೇ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಅಂಕಪಟ್ಟಿಗೆ ಲ್ಯಾಮಿನೇಶನ್ ಮಾಡಿಸಿ ತರುತ್ತಾರೆ. ಅದು ಕಲಿತದ್ದಕ್ಕೆ ಸಾಕ್ಷಿ, ಮನ್ನಣೆಗಲ್ಲ. ಅದೇ ಚೀಲದ ತಳದಲ್ಲಿ ಮಡಿಸಿಟ್ಟ ದೂರದರ್ಶನದ ಗ್ರೇಡ್ ಪತ್ರ, ಐಸಿಸಿಆರ್, ಅಂದರೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ಕಲಾವಿದರ ಪಟ್ಟಿಗೆ ಸೇರಿದ ಪತ್ರ ಇರುತ್ತದೆ. "ಅದೆಲ್ಲ ಎಲ್ಲರಿಗೂ ಇರುತ್ತೆ ಮೇಡಂ" ಎನ್ನುತ್ತಾರೆ. ಎಲ್ಲರಿಗೂ ಇರುವುದಿಲ್ಲ. ಶ್ರೇಣಿ ಎಷ್ಟು ಹಂತಗಳದ್ದು, ನಿಮ್ಮದು ಯಾವುದು, ಆಯ್ಕೆ ಹೇಗೆ ನಡೆಯುತ್ತದೆ ಎಂದು ಅಧಿಕಾರಿಗೆ ಬಿಡಿಸಿ ಹೇಳಬೇಕು. ಹಂಪಿ ಉತ್ಸವ ಎಂದರೇನೆಂಬುದೂ ಅವರಿಗೆ ಗೊತ್ತಿರುವುದಿಲ್ಲ.

ಸಂಭಾವನೆಯದು ಇನ್ನೂ ದೊಡ್ಡ ಗೋಳು. ದೇವಸ್ಥಾನದ ಉತ್ಸವದಲ್ಲಿ ಎರಡು ಗಂಟೆ ಕುಣಿದವರಿಗೆ ಶಾಲು, ಹಾರ, ಫಲತಾಂಬೂಲ, ಒಂದು ಲಕೋಟೆ. ಲಕೋಟೆಯಲ್ಲಿ ಎಷ್ಟಿತ್ತೆಂದು ಕೊಟ್ಟವರೂ ಬರೆದಿಡುವುದಿಲ್ಲ, ಪಡೆದವರೂ ಬರೆದಿಡುವುದಿಲ್ಲ. ಲೆಟರ್‌ಹೆಡ್ ಮೇಲೆ ಮೂರು ಸಾಲು ಕೇಳಿ: ಕಾರ್ಯಕ್ರಮ ಯಾವುದು, ನಿಮ್ಮ ಪಾತ್ರವೇನು, ಕೊಟ್ಟದ್ದೆಷ್ಟು. ಕೇಳಲು ಸಂಕೋಚ ಎನ್ನುವವರಿಗೆ ನಾನು ಹೇಳುವುದು, ಪಕ್ಕದಲ್ಲಿ ಮೃದಂಗ ನುಡಿಸಿದವರು ಎಂದೂ ಸಂಕೋಚಪಡಲಿಲ್ಲ.

ಇನ್ನೊಂದು ತೊಡಕಿದೆ. ಓ-1ಬಿಗೆ ತಾನೇ ಅರ್ಜಿ ಹಾಕಿಕೊಳ್ಳಲು ಆಗುವುದಿಲ್ಲ. ಇಲ್ಲಿನ ಸಂಸ್ಥೆ ಅಥವಾ ಏಜೆಂಟ್ ಹಾಕಬೇಕು. ಅದೇ ಕ್ಷೇತ್ರದ ಸಂಘಟನೆಯ ಅಭಿಪ್ರಾಯ ಪತ್ರವೂ ಬೇಕು, ನರ್ತಕಿಯರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದು ಅಮೆರಿಕನ್ ಗಿಲ್ಡ್ ಆಫ್ ಮ್ಯೂಸಿಕಲ್ ಆರ್ಟಿಸ್ಟ್ಸ್. ಯಕ್ಷಗಾನದವರಂತೆ ಒಂದು ಸಂಸ್ಕೃತಿಗೇ ವಿಶಿಷ್ಟವಾದ ಕಲೆಯವರಿಗೆ ಪಿ-3 ಎಂಬ ವೀಸಾ ಇದೆ, ಒಂದು ವರ್ಷದವರೆಗೆ ಪ್ರದರ್ಶನ ಮಾತ್ರವಲ್ಲ, ಕಲಿಸುವುದಕ್ಕೂ.

ಉಡುಪಿನವರ ಪಾಡು ಸ್ವಲ್ಪ ಬೇರೆ. ಎಚ್-1ಬಿ ನಿಯಮದಲ್ಲಿ ಫ್ಯಾಷನ್ ಮಾಡೆಲ್‌ಗಳಿಗೆ ಪ್ರತ್ಯೇಕ ಬಾಗಿಲಿದೆ. ಬಟ್ಟೆ ಕತ್ತರಿಸುವವಳಿಗೆ ಇಲ್ಲ. ಆದರೆ ಈ ದೇಶದ ಉಡುಪು ವ್ಯಾಪಾರ ವಲಸೆ ಹೆಂಗಸರ ಕತ್ತರಿಯಿಂದಲೇ ಬೆಳೆದದ್ದು. ಲಿಥುವೇನಿಯಾದಿಂದ ಬಂದ ಲೀನಾ ಬ್ರಯಂಟ್ ಎಂಬ ವಿಧವೆ ಓಲೆ ಅಡವಿಟ್ಟು ಹೊಲಿಗೆ ಯಂತ್ರ ಕೊಂಡು, ನ್ಯೂಯಾರ್ಕಿನಲ್ಲಿ ಬಸುರಿಯರಿಗೆ ಅಂಗಿ ಹೊಲಿದು ಹೆಸರಾದರು. ಬ್ಯಾಂಕಿನ ಕಾಗದದಲ್ಲಿ ಲೀನಾ ಎಂಬುದು ಲೇನ್ ಆಗಿ, ಅಂಗಡಿ ಲೇನ್ ಬ್ರಯಂಟ್ ಎಂದೇ ಉಳಿಯಿತಂತೆ. ನನ್ನ ಕಕ್ಷಿದಾರರ ಹೆಸರುಗಳಿಗೆ ಇಂದಿಗೂ ಇದೇ ಗತಿ. ಪಾಸ್‌ಪೋರ್ಟಿನಲ್ಲಿ ಒಂದು, ವೇದಿಕೆಯ ಮೇಲೆ ಇನ್ನೊಂದು, ಮದುವೆಯಾದ ಮೇಲೆ ಮೂರನೆಯದು. ಮೂರೂ ಒಬ್ಬರೇ ಎಂದು ತೋರಿಸಲು ಅಫಿಡವಿಟ್ ಬೇಕು.

ಭರತನಾಟ್ಯದ ಉಡುಪು, ಆರಿ ಕೆಲಸದ ಬ್ಲೌಸ್, ಸೀರೆ ಕುಚ್ಚು, ಇವುಗಳಿಗೆ ಇಲ್ಲಿ ಬೇಡಿಕೆ ಇದೆ. ಬೆಂಗಳೂರಿನಲ್ಲಿ ಹೊಲಿಸಿ ಕೊರಿಯರ್‌ನಲ್ಲಿ ತರಿಸಿ ಮಾರುವುದು ಹಳೆಯ ಲೆಕ್ಕ. 2025ರ ಆಗಸ್ಟ್ 29ರಿಂದ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿಲ್ಲ ಎಂಬ ಸೌಲಭ್ಯ ನಿಂತ ಮೇಲೆ ಆ ಲೆಕ್ಕ ಕೆಟ್ಟಿತು. ಅಳತೆ ತೆಗೆದು ಇಲ್ಲೇ ಹೊಲಿಯುವವರ ಬೆಲೆ ಏರಿತು. ತೆರಿಗೆ ರಾಜ್ಯಕ್ಕೊಂದು ಥರ: ನ್ಯೂಜೆರ್ಸಿಯಲ್ಲಿ ಸೀರೆಗೆ ಮಾರಾಟ ತೆರಿಗೆ ಇಲ್ಲ, ಅದರ ಜೊತೆ ಮಾರುವ ಟೆಂಪಲ್ ಜ್ಯುವೆಲರಿಗೆ ಇದೆ. ಬಿಲ್ ಪುಸ್ತಕ ಇಟ್ಟವರಿಗೆ ಇದು ತಲೆನೋವಲ್ಲ. ಜೊತೆಗೆ ಯಾವ ಪ್ರಯೋಗಕ್ಕೆ ಯಾರ ಉಡುಪು ವಿನ್ಯಾಸ ಮಾಡಿದ್ದೆಂದು ಅದೇ ಬಿಲ್ ಮುಂದೆ ಸಾಕ್ಷಿ ಹೇಳುತ್ತದೆ. ಕರಪತ್ರದಲ್ಲಿ "ವಸ್ತ್ರವಿನ್ಯಾಸ" ಎಂದು ನಿಮ್ಮ ಹೆಸರು ಹಾಕಿಸದೆ ಉಡುಪು ಕಳಿಸಬೇಡಿ.

ಆ ಹದಿನಾಲ್ಕು ತುಣುಕುಗಳ ಕಥೆ ಹೇಳಬೇಕಲ್ಲ. ಅಮ್ಮನಿಗೆ ಫೋನ್ ಮಾಡಿದೆವು. "ತಾರೀಖು ಯಾಕಮ್ಮಾ, ಅದು ನೀನು ಎರಡನೇ ಪಿಯುಸಿಯಲ್ಲಿದ್ದಾಗಿನದು" ಎಂದರು. ತುಣುಕುಗಳನ್ನು ತಿರುಗಿಸಿ ನೋಡಿದಾಗ ಬೆನ್ನಿಗೆ ದಸರಾ ರಿಯಾಯಿತಿಯ ಜಾಹೀರಾತು, ಯಾರದೋ ಶ್ರದ್ಧಾಂಜಲಿ, ಅರ್ಧ ಕ್ರಿಕೆಟ್ ಸ್ಕೋರು. ಅದನ್ನು ಹಿಡಿದುಕೊಂಡು ಕಲಾವಿದೆಯ ತಮ್ಮ ಮೈಸೂರಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಕೂತ. ಎರಡು ವಾರದಲ್ಲಿ ಹನ್ನೊಂದಕ್ಕೆ ತಾರೀಖು ಸಿಕ್ಕಿತು. ಉಳಿದ ಮೂರನ್ನು ಅರ್ಜಿಗೆ ಸೇರಿಸಲಿಲ್ಲ. ಅಮ್ಮನಿಗೆ ಮಾತ್ರ ಅದನ್ನು ಯಾರೂ ಹೇಳಿಲ್ಲ.