ಪಾರ್ಟ್ನರ್ ಹಾಕಿದ 5 ದೊಡ್ಡದಾ, ಚಿಕ್ಕದಾ?

ಮಂಡ್ಯದ ಓದುಗರೊಬ್ಬರು ಕೇಳಿದ್ದಾರೆ: "ನಾವು ನಾಲ್ಕು ಜನ ರಿಟೈರ್ ಆದ ಮೇಲೆ ಬ್ರಿಡ್ಜ್ ಇಸ್ಪೀಟಾಟ ಕಲಿತವರು. ಡಿಫೆನ್ಸ್‌ನಲ್ಲಿ, ಅಂದರೆ ಎದುರಾಳಿಗಳ ಆಟ ತಡೆಯುವಾಗ, ದೊಡ್ಡ ಎಲೆ ಹಾಕಿದರೆ ಅದೇ ಬಣ್ಣ (ಹಾರ್ಟ್, ಸ್ಪೇಡ್ ಹೀಗೆ) ಮುಂದುವರಿಸಬೇಕು, ಚಿಕ್ಕದು ಹಾಕಿದರೆ ಬೇಡ ಅಂತ ಮಾತಾಡಿಕೊಂಡಿದ್ದೇವೆ. ಪಾರ್ಟ್ನರ್ 2 ಹಾಕಿದರೆ ಗೊತ್ತಾಗುತ್ತದೆ, 9 ಹಾಕಿದರೂ ಗೊತ್ತಾಗುತ್ತದೆ. 5 ಹಾಕಿದರೆ ಏನು ಮಾಡೋದು? ಆಟ ಮುಗಿದ ಮೇಲೆ ದಿನಾ ಇದೇ ಜಗಳ. ತಪ್ಪು ಯಾರದು?"

ಮೈಸೂರಿನಲ್ಲಿ ನಾವು ಭಾನುವಾರ ಕೂರುವ ಮೇಜಿನಲ್ಲೂ ಈ ಜಗಳ ನಡೆದಿದೆ. ತಪ್ಪು ಯಾರದು ಅನ್ನೋದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಮೊದಲು ಆ 5 ಅನ್ನು ಓದೋದು ಹೇಗೆ ಅಂತ ನೋಡೋಣ.

ನಮ್ಮಲ್ಲಿ ಎಷ್ಟೋ ಜನ ಬ್ರಿಡ್ಜ್‌ಗೆ ಬಂದಿರೋದು ಇಪ್ಪತ್ತೆಂಟು ಅನ್ನೋ ಇಸ್ಪೀಟಾಟ ಆಡಿಕೊಂಡು. ಅಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಪಾಯಿಂಟ್. ಏಳಕ್ಕಿಂತ ಕೆಳಗಿನ ಎಲೆಗಳನ್ನು ಆಟಕ್ಕೇ ಸೇರಿಸಲ್ಲ. ಹಾಗಾಗಿ ಚಿಲ್ಲರೆ ಎಲೆ ಬಿದ್ದಾಗ ಕಣ್ಣು ಅದರ ಮೇಲೆ ನಿಲ್ಲೋದೇ ಇಲ್ಲ. ಬ್ರಿಡ್ಜ್‌ನ ಡಿಫೆನ್ಸ್‌ನಲ್ಲಿ ಜಾಸ್ತಿ ಮಾತಾಡೋದು ಈ ಚಿಲ್ಲರೆ ಎಲೆಗಳೇ.

ಒಂದು ಆಟ ನೋಡಿ. ಎದುರಾಳಿಗಳದ್ದು ನಾಲ್ಕು ಸ್ಪೇಡ್, ಅಂದರೆ ಸ್ಪೇಡ್ ತುರುಫಾಗಿ ಹತ್ತು ಟ್ರಿಕ್ (ಸುತ್ತು) ಗೆಲ್ಲುತ್ತೇವೆ ಅಂದಿದ್ದಾರೆ. ಹಾರ್ಟ್‌ನಲ್ಲಿ ನಿಮ್ಮ ಕೈಲಿ ಎಕ್ಕ, ರಾಜ, 9, 7, 2. ನೀವು ಎಕ್ಕ ಇಳಿಸಿದಿರಿ. ಡಮ್ಮಿಯಲ್ಲಿ, ಅಂದರೆ ಎದುರಾಳಿಗಳಲ್ಲಿ ಒಬ್ಬರು ಮೇಜಿನ ಮೇಲೆ ಬಿಚ್ಚಿಟ್ಟ ಕೈಯಲ್ಲಿ, ರಾಣಿ, 6, 3. ಡಮ್ಮಿಯಿಂದ 3 ಬಿತ್ತು, ಪಾರ್ಟ್ನರ್ 5 ಹಾಕಿದರು.

ಈಗ ಲೆಕ್ಕ ಹಾಕಿ. 2 ನಿಮ್ಮ ಹತ್ತಿರ ಇದೆ. 3 ಮತ್ತು 6 ಡಮ್ಮಿಯದು. ಕಣ್ಣಿಗೆ ಕಾಣದ ಹಾರ್ಟ್ ಬರೀ ಐದು: ಗುಲಾಮ, 10, 8, 5, 4. ಅಂದರೆ 5ಕ್ಕಿಂತ ಚಿಕ್ಕದಾಗಿ ಉಳಿದಿರೋದು 4 ಒಂದೇ. ನಾಲ್ಕು ಎಲ್ಲಿದೆ? ಇಡೀ ಪ್ರಶ್ನೆ ಇಷ್ಟೇ.

ಡಿಕ್ಲೇರರ್, ಅಂದರೆ ತಮ್ಮ ಕೈ, ಡಮ್ಮಿ ಎರಡನ್ನೂ ಆಡುವ ಎದುರಾಳಿ, ಆ 4 ಅನ್ನೇ ಹಾಕಿದರೆ, ಪಾರ್ಟ್ನರ್ ಹಾಕಿರುವ 5 ಅವರ ಕೈಲಿದ್ದ ಅತಿ ಚಿಕ್ಕ ಹಾರ್ಟ್. ಬೇಡ ಅಂತಿದ್ದಾರೆ, ಇಲ್ಲವೇ ಅದು ಒಂಟಿ ಎಲೆ. ಆದರೆ ಡಿಕ್ಲೇರರ್ 8 ಹಾಕಿದರು ಅನ್ನಿ. ಈಗ ಪಾರ್ಟ್ನರ್ ಕೈಲಿ 5, 4 ಎರಡೇ ಇರಬಹುದು. ಹಾಗಿದ್ದರೆ ರಾಜ ಹಾಕಿ, ಮೂರನೇ ಸುತ್ತಿಗೆ ಅವರು ತುರುಫು ಹೊಡೆಯುತ್ತಾರೆ. ಇಲ್ಲವೇ ಅವರಿಗೆ ಗುಲಾಮ, 10, 5 ಇದ್ದು, ಡಿಕ್ಲೇರರ್ ಬೇಕೂಂತಲೇ 4 ಅನ್ನು ಬಚ್ಚಿಟ್ಟಿರಬಹುದು. ನೀವು ಮೋಸ ಹೋಗಿ ರಾಜ ಹಾಕಿದರೆ ಡಮ್ಮಿಯ ರಾಣಿ ಎದ್ದು ನಿಲ್ಲುತ್ತಾಳೆ. ಡಿಕ್ಲೇರರ್‌ಗೆ ಬೇಕಾಗಿರೋದೂ ಅದೇ. ನಿಮ್ಮ ಸಿಗ್ನಲ್, ಅಂದರೆ ಎಲೆಯಲ್ಲೇ ಕೊಡುವ ಸೂಚನೆ, ಅವರೂ ನೋಡುತ್ತಿದ್ದಾರೆ, ಅಲ್ವಾ?

ಇಲ್ಲಿ ಬಿಡ್ಡಿಂಗ್ (ಆಟಕ್ಕೆ ಮೊದಲು ನಡೆಯುವ ಹರಾಜು) ನೆನಪಿಸಿಕೊಳ್ಳಬೇಕು. ಡಿಕ್ಲೇರರ್ ತಮ್ಮ ಹತ್ತಿರ ಐದು ಸ್ಪೇಡ್, ಐದು ಡೈಮಂಡ್ ಇದೆ ಅಂತ ತೋರಿಸಿದ್ದರೆ, ಅವರಿಗೆ ಉಳಿದಿರೋದು ಮೂರೇ ಎಲೆ. ಆ ಮೂರೂ ಹಾರ್ಟ್ ಆಗಿರೋದು ಅಪರೂಪ. ಆಗ ನಾನಾದರೆ ರಾಜನನ್ನು ಕೈಲೇ ಇಟ್ಟುಕೊಂಡು ಬೇರೆ ಬಣ್ಣ ಆಡುತ್ತೇನೆ.

ಇನ್ನು ತಪ್ಪು ಯಾರದು? 5, 4 ಮಾತ್ರ ಇದ್ದವರು 5 ಹಾಕಿದರೆ ಅವರನ್ನು ಬೈಯುವಂತಿಲ್ಲ. ಅವರ ಹತ್ತಿರ ಇದ್ದ ದೊಡ್ಡದು ಅದೇ. ಆದರೆ 8, 5 ಇದ್ದು, ಮುಂದುವರಿಸಲಿ ಅಂತ ಆಸೆಪಟ್ಟು 5 ಹಾಕಿದ್ದರೆ ತಪ್ಪು ಅವರದೇ. ಕೂಗಿ ಹೇಳೋ ಎಲೆ ಇದ್ದಾಗ ಪಿಸುಗುಟ್ಟಬಾರದು. ಹಾಗಂತ ಟ್ರಿಕ್ ಗೆಲ್ಲಬಲ್ಲ ಹತ್ತನ್ನು ಸಿಗ್ನಲ್‌ಗೆ ಅಂತ ಸುಮ್ನೆ ಕಳೆದುಕೊಳ್ಳೋದೂ ಬೇಡ.

ಇನ್ನೊಂದು ಗೊಂದಲವನ್ನೂ ನಿಮ್ಮ ಪತ್ರದಲ್ಲಿ ಕಂಡೆ. ಎಲೆ ಇಳಿಸಿದ್ದು ಪಾರ್ಟ್ನರ್ ಆದರೆ ಬೇಕು-ಬೇಡ ಹೇಳುತ್ತೇವೆ. ಡಿಕ್ಲೇರರ್ ತಾವೇ ಒಂದು ಬಣ್ಣ ಎಳೆಯಲು ಶುರು ಮಾಡಿದರೆ ಸಾಮಾನ್ಯವಾಗಿ ಹೇಳೋದು ಎಷ್ಟು ಎಲೆ ಇದೆ ಅಂತ. ಮೊದಲು ದೊಡ್ಡದು, ಆಮೇಲೆ ಚಿಕ್ಕದು ಹಾಕಿದರೆ ಸಮ ಸಂಖ್ಯೆ. ಮೊದಲು ಚಿಕ್ಕದಾದರೆ ಬೆಸ. ಇದನ್ನು ಕಡೆಗಣಿಸಿ ನಾನೇ ಒಂದು ಆಟ ಕಳೆದಿದ್ದೇನೆ. ಎದುರಾಳಿಗಳದ್ದು ಮೂರು ನೋ ಟ್ರಂಪ್, ಅಂದರೆ ತುರುಫಿಲ್ಲದೆ ಒಂಬತ್ತು ಟ್ರಿಕ್ ಗೆಲ್ಲಬೇಕು. ಡಮ್ಮಿಯ ಡೈಮಂಡ್ ರಾಜ, ರಾಣಿ, ಗುಲಾಮ, 10, 5. ಡಮ್ಮಿಗೆ ಹೋಗಲು ಬೇರೆ ದಾರಿ ಇಲ್ಲ. ನನ್ನ ಕೈಲಿ ಎಕ್ಕ, 9, 4. ಪಾರ್ಟ್ನರ್ ಮೊದಲ ಸುತ್ತಿಗೇ 2 ಹಾಕಿದರು. ಅಂದರೆ ಮೂರು ಎಲೆ. ಒಂದೇ ಇರೋದಕ್ಕೆ ಬಿಡ್ಡಿಂಗ್ ಹೊಂದುತ್ತಿರಲಿಲ್ಲ. ಡಮ್ಮಿಯ ಐದು, ನನ್ನ ಮೂರು, ಅವರ ಮೂರು ಕಳೆದರೆ ಡಿಕ್ಲೇರರ್‌ಗೆ ಎರಡೇ. ಎರಡನೇ ಸುತ್ತಲ್ಲಿ ಎಕ್ಕ ಹಾಕಿದ್ದರೆ ಡೈಮಂಡ್ ಅಲ್ಲೇ ಸತ್ತು ಹೋಗುತ್ತಿತ್ತು. ತಡೆದಷ್ಟೂ ಒಳ್ಳೆಯದು ಅಂದುಕೊಂಡು ನಾನು ಮತ್ತೆ ಬಿಟ್ಟೆ. ಅವರಿಗೆ ಸಿಕ್ಕ ಆ ಎರಡನೇ ಡೈಮಂಡೇ ಒಂಬತ್ತನೇ ಟ್ರಿಕ್ ಆಯಿತು. ಪಾರ್ಟ್ನರ್ ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಕೆಲವರು ಉಲ್ಟಾ ಸಿಗ್ನಲ್ ಆಡುತ್ತಾರೆ, ಚಿಕ್ಕದು ಅಂದರೆ ಬೇಕು ಅಂತ. ಅದೂ ಸರಿಯೇ. ಮೊದಲೇ ಮಾತಾಡಿಕೊಂಡಿರಬೇಕು, ಎದುರಾಳಿ ಕೇಳಿದರೆ ವಿವರಿಸಬೇಕು. ಗುಟ್ಟಿನ ಒಪ್ಪಂದಕ್ಕೆ ಜಾಗ ಇಲ್ಲ. ಎಲೆಯನ್ನು ಮೇಜಿಗೆ ಕುಟ್ಟಿ ಹಾಕೋದು, ಸಿಗ್ನಲ್ ತಲುಪಲಿ ಅಂತ ತಡೆದು ನಿಧಾನಕ್ಕೆ ಹಾಕೋದು ಬೇಡವೇ ಬೇಡ. ಡೂಪ್ಲಿಕೇಟ್ (ಸ್ಪರ್ಧೆಗಳಲ್ಲಿ ಆಡುವ) ಬ್ರಿಡ್ಜ್ ನಿಯಮಗಳ 73ನೇ ನಿಯಮ ಇದನ್ನು ಸ್ಪಷ್ಟವಾಗಿ ತಡೆಯುತ್ತದೆ. ಮನೆ ಆಟದಲ್ಲೂ ಇದನ್ನು ಪಾಲಿಸಿ ಅಂತ ನನ್ನ ಕೋರಿಕೆ.

ಇವತ್ತು ಸಂಜೆ ನಾಲ್ಕೂ ಜನ ಕೂತಾಗ ಹಾರ್ಟ್‌ನ 13 ಎಲೆ ಮಾತ್ರ ತೆಗೆಯಿರಿ. ಎಕ್ಕ, ರಾಜ, 9, 7, 2 ನೀವು ಇಟ್ಟುಕೊಳ್ಳಿ. ರಾಣಿ, 6, 3 ಮೇಜಿನ ಮೇಲೆ ಬಿಚ್ಚಿಡಿ. ಉಳಿದ ಐದನ್ನು ಕಲಸಿ ಇಬ್ಬರಿಗೆ ಹಂಚಿ. ಎಕ್ಕ ಇಳಿಸಿ, ಪಾರ್ಟ್ನರ್ ಎಲೆ ನೋಡಿ, ಡಿಕ್ಲೇರರ್ ಎಲೆ ನೋಡಿ, ಯಾರ ಹತ್ತಿರ ಏನಿದೆ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಎಲೆ ತಿರುಗಿಸಿ. ಒಂದು ಕಾಫಿ ಮುಗಿಯೋದರೊಳಗೆ ಹತ್ತು ಸಲ ಆಡಬಹುದು.