ಹೆಸರು ಎಂಪಿ3, ಒಳಗೆ ಮತ್ತೇನೋ

ಆಡಿಯೊ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿಯೂ ಸದ್ದು ಬರದಿದ್ದರೆ ಹೆಚ್ಚಿನವರು ಮೊದಲು ಹೆಸರಿನ ಕೊನೆಯ ಮೂರಕ್ಷರ ಬದಲಿಸಿ ನೋಡುತ್ತಾರೆ. ಅದರಿಂದ ಆಗದಿದ್ದರೆ ಹುಡುಕಾಟದಲ್ಲಿ ಮೊದಲು ಸಿಕ್ಕ ಕನ್ವರ್ಟರ್ ಇಳಿಸಿಕೊಳ್ಳುತ್ತಾರೆ. ಮೊದಲನೆಯದು ಬಹುಪಾಲು ವ್ಯರ್ಥ. ಎರಡನೆಯದರ ಜೊತೆ ಕರೆಯದ ನೆಂಟರೂ ಒಳಗೆ ಬರುತ್ತಾರೆ. ಇವೆರಡಕ್ಕೂ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದಿದೆ: ಆ ಫೈಲಿನೊಳಗೆ ನಿಜಕ್ಕೂ ಇರುವುದೇನು? ಉತ್ತರ ಬಹಳ ಸಲ ಫೈಲಿನ ಮೊದಲ ಹತ್ತು ಹನ್ನೆರಡು ಬೈಟುಗಳಲ್ಲೇ ಸಿಗುತ್ತದೆ.

ಅಲ್ಲಿಗೆ ಹೋಗುವ ಮುನ್ನ ಒಂದು ನಿಮಿಷದ ಕೆಲಸ. ಚೆನ್ನಾಗಿ ಹಾಡುತ್ತದೆಂದು ಗೊತ್ತಿರುವ ಬೇರೊಂದು ಫೈಲು ಹಾಕಿ. ಅದೂ ಮೌನವಾಗಿದ್ದರೆ ತಪ್ಪು ಫೈಲಿನದಲ್ಲ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಮಾನಿಟರ್ ಜೋಡಿಸಿದಾಗ ವಿಂಡೋಸ್ ಎಷ್ಟೋ ಸಲ ಸದ್ದನ್ನೂ ಅದಕ್ಕೇ ಕಳಿಸಿಬಿಡುತ್ತದೆ. ಎಷ್ಟೋ ಮಾನಿಟರುಗಳಿಗೆ ಸ್ಪೀಕರೇ ಇರುವುದಿಲ್ಲ. ಪ್ಲೇಯರಿನಲ್ಲಿ ಸೆಕೆಂಡು ಓಡುತ್ತಿರುತ್ತದೆ, ಕಿವಿಗೆ ಮಾತ್ರ ಏನೂ ಬೀಳದು. ಪರದೆಯ ಕೆಳಮೂಲೆಯ ಸ್ಪೀಕರ್ ಗುರುತು ಒತ್ತಿ ಔಟ್‌ಪುಟ್ ಬದಲಿಸಿದರೆ ಮುಗಿಯಿತು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಕೊಡದೊಳಗಿಂದ ಬಂದಂತೆ ಕೇಳಿಸಿದರೆ ಯಾವುದೋ ಮೀಟಿಂಗ್ ಆ್ಯಪ್ ಮೈಕನ್ನು ಹಿಡಿದಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಆಗ ಹೆಡ್‌ಫೋನು ಸಂಗೀತದ ವಿಧಾನ ಬಿಟ್ಟು ಫೋನ್ ಕರೆಯ ವಿಧಾನಕ್ಕೆ ಇಳಿದಿರುತ್ತದೆ. ಒಟ್ಟಿನಲ್ಲಿ, ಸೆಕೆಂಡು ಓಡುತ್ತಿದ್ದರೆ ಮೊದಲು ಸ್ಪೀಕರಿನ ಕಡೆ ನೋಡಿ. ಓಡದೆ ದೋಷದ ಸಂದೇಶ ಬಂದರೆ ಫೈಲಿನ ಕಡೆ.

ಫೈಲಿನಲ್ಲಿ ಮೊದಲು ನೋಡಬೇಕಾದ್ದು ಅದರ ತೂಕ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಅಂದರೆ ಸೆಕೆಂಡಿಗೆ 16,000 ಬೈಟು, ನಿಮಿಷಕ್ಕೆ ಸುಮಾರು 1 ಎಂಬಿ. ಐದು ನಿಮಿಷದ ಭಾವಗೀತೆ 4.8 ಎಂಬಿ ಇರಬೇಕು. ಸಿಡಿ ಗುಣಮಟ್ಟದ ವೇವ್ (ಸಾಮಾನ್ಯವಾಗಿ ಕುಗ್ಗಿಸದ ಸದ್ದಿನ ಫೈಲು) ಆದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ), ಪ್ರತಿ ಸ್ಯಾಂಪಲಿಗೆ 2 ಬೈಟು, ಎಡ ಬಲ ಎರಡು ಚಾನೆಲ್: ನಿಮಿಷಕ್ಕೆ 1,05,84,000 ಬೈಟು, ಅಂದರೆ ಹತ್ತು ಎಂಬಿಗೂ ಕೊಂಚ ಜಾಸ್ತಿ. ಈ ಲೆಕ್ಕ ತಲೆಯಲ್ಲಿದ್ದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಹಾಡಿನ ಹೆಸರು ಹೊತ್ತ ಫೈಲು ಬರೀ 12 ಕೆಬಿ ಇದ್ದರೆ ಅದು ಹಾಡಲ್ಲ. ಜಾಲತಾಣ ಕೊಟ್ಟ 'ಪುಟ ಸಿಗಲಿಲ್ಲ' ಎಂಬ ಪುಟವೇ ಎಂಪಿ3 ಹೆಸರಿನಲ್ಲಿ ಇಳಿದು ಬಂದಿದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಎಚ್‌ಟಿಎಂಎಲ್ ಸಾಲುಗಳು ಕಣ್ಣಿಗೆ ಬೀಳುತ್ತವೆ. ಪ್ರಾಪರ್ಟೀಸ್‌ನಲ್ಲಿ ಗಾತ್ರ ಸರಿಯಾಗಿದ್ದು, ಡಿಸ್ಕಿನ ಮೇಲಿನ ಗಾತ್ರ ಮಾತ್ರ 0 ಎಂದಿದ್ದರೆ ಫೈಲು ಇನ್ನೂ ಕ್ಲೌಡಿನಲ್ಲೇ ಇದೆ, ನಿಮ್ಮ ಕಂಪ್ಯೂಟರಿನಲ್ಲಿರುವುದು ಅದರ ನೆರಳು. ಇಂಟರ್ನೆಟ್ ಹಾಕಿ ಪೂರ್ತಿ ಇಳಿಸಿಕೊಳ್ಳಬೇಕು.

ತೂಕದ ಮಾತು ಬಂದಾಗ ಹಳೆಯ ಆಡಿಯೊ ಸಿಡಿಗಳನ್ನು ಬಿಡುವಂತಿಲ್ಲ. ಸಿಡಿ ತೆರೆದರೆ ಟ್ರ್ಯಾಕ್01, ಟ್ರ್ಯಾಕ್02 ಎಂದು ಸಿಡಿಎ ಫೈಲುಗಳ ಸಾಲು ಕಾಣುತ್ತದೆ. ಅವನ್ನು ಪೆನ್‌ಡ್ರೈವಿಗೆ ಎಳೆದು ಹಾಕಿ, ಸಿಡಿಯನ್ನು ಯಾರಿಗೋ ಕೊಟ್ಟುಬಿಟ್ಟವರು ಬಹಳ ಜನ. ಒಂದೊಂದರ ತೂಕ ಸರಿಯಾಗಿ 44 ಬೈಟು. ಹಾಡು ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಎಂಬ ವಿಳಾಸ ಬಿಟ್ಟರೆ ಅದರಲ್ಲಿ ಸಂಗೀತದ ಒಂದು ಚೂರೂ ಇಲ್ಲ. ಸಿಡಿಯಿಂದ ಹಾಡು ತೆಗೆಯಲು 'ರಿಪ್' ಮಾಡಬೇಕು, ಅಂದರೆ ತಂತ್ರಾಂಶದಿಂದ ಸದ್ದನ್ನೇ ಓದಿಸಿ ಫೈಲಾಗಿ ಉಳಿಸಬೇಕು. ಬರೀ ಕಾಪಿ ಸಾಲದು. ರಿಯಲ್ ಪ್ಲೇಯರಿನ ಕಾಲದ ಆರ್‌ಎಎಂ ಫೈಲುಗಳದ್ದೂ ಇದೇ ಕತೆ: ಒಳಗಿರುವುದು ಜಾಲತಾಣದ ಒಂದು ಸಾಲಿನ ವಿಳಾಸ, ಆ ತಾಣ ಮುಚ್ಚಿದ್ದರೆ ಹಾಡೂ ಇಲ್ಲ.

ಗಾತ್ರ ಸರಿಯಾಗಿದೆ ಎನ್ನಿ. ಈಗ ಹೆಸರಿನ ವಿಚಾರ. ನಮ್ಮ ಅಡುಗೆಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯೊಳಗೆ ಇರುವುದು ಉಪ್ಪಿನಕಾಯಿ ಎಂದು ಮನೆಯವರಿಗೆಲ್ಲ ಗೊತ್ತು. ಹೊರಗಿನವರು ಮಾತ್ರ ಚೀಟಿ ನಂಬಿ ಹಾಲಿಗೆ ಹಾಕಿಕೊಂಡಾರು. ಫೈಲಿನ ಹೆಸರಿನ ಬಾಲವೂ ಅಂಥದೇ ಚೀಟಿ. ವಿಂಡೋಸ್ ಅದನ್ನು ನೋಡಿ ಯಾವ ಪ್ಲೇಯರನ್ನು ಕರೆಯಬೇಕೆಂದು ನಿರ್ಧರಿಸುತ್ತದೆಯೇ ಹೊರತು ಒಳಗೆ ಕೈಹಾಕಿ ನೋಡುವುದಿಲ್ಲ. ಸಾಲದ್ದಕ್ಕೆ ಆ ಬಾಲವನ್ನು ತಾನಾಗಿಯೇ ಮರೆಮಾಡಿಯೂ ಇಡುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬುದಕ್ಕೆ ಗುರುತು ಹಾಕಿಟ್ಟರೆ ಹಾಡಿನ ಹೆಸರಿನ ಹಿಂದೆ ಇಎಕ್ಸ್‌ಇ (ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ) ಅಡಗಿದ್ದರೂ ಬಯಲಾಗುತ್ತದೆ.

ಒಳಗಿನ ಸರಕು ನೋಡಲು ಎಚ್‌ಎಕ್ಸ್‌ಡಿಯಂಥ ಒಂದು ಹೆಕ್ಸ್ ಎಡಿಟರ್, ಅಂದರೆ ಫೈಲಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ತಂತ್ರಾಂಶ, ಸಾಕು. ಫೈಲಿನ ನಕಲು ಮಾಡಿಕೊಂಡು ನಕಲನ್ನೇ ತೆರೆಯಿರಿ. ಏನನ್ನೂ ಸೇವ್ ಮಾಡಬೇಡಿ. ಬಲಗಡೆ ಅಕ್ಷರಗಳು ಕಾಣುವ ಕಂಬದಲ್ಲಿ ಮೊದಲ ಸಾಲು ಓದಿ. ಆರ್ ಐ ಎಫ್ ಎಫ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ನಾಲ್ಕು ಬೈಟು ಬಿಟ್ಟು 'ವೇವ್' ಎಂದಿದ್ದರೆ ಅದು ವೇವ್. 'ಐಡಿ3' ಎಂದು ಶುರುವಾದರೆ ಬಹುತೇಕ ಎಂಪಿ3. 'ಆಗ್ಸ್' ಎಂದು ಓದಿಸಿಕೊಳ್ಳುವ ಒ ಜಿ ಜಿ ಎಸ್ ಕಂಡರೆ ಆಗ್ ಡಬ್ಬಿ, ಒಳಗೆ ವೋರ್ಬಿಸ್, ಓಪಸ್ ಎಂಬ ಕುಗ್ಗಿಸುವ ವಿಧಾನಗಳಲ್ಲೊಂದು ಇರಬಹುದು. ಗುಣಮಟ್ಟ ಕೆಡಿಸದೆ ಕುಗ್ಗಿಸುವ 'ಫ್ಲ್ಯಾಕ್' ತನ್ನ ಹೆಸರನ್ನೇ ಬರೆದುಕೊಂಡಿರುತ್ತದೆ. ಐದನೇ ಬೈಟಿನಿಂದ ಎಫ್ ಟಿ ವೈ ಪಿ ಕಂಡರೆ ಬಹುತೇಕ ಎಂ4ಎ. ಹ್ಯಾಶ್ ಗುರುತು, ಆಶ್ಚರ್ಯಸೂಚಕ, ಆಮೇಲೆ ಎ ಎಂ ಆರ್ ಎಂದಿದ್ದರೆ ಹಳೆಯ ಮೊಬೈಲುಗಳ ಧ್ವನಿಮುದ್ರಣ: ಸೆಕೆಂಡಿಗೆ 8,000 ಸ್ಯಾಂಪಲ್ಲಿನ, ಮಾತಿಗಾಗಿಯೇ ಮಾಡಿದ ವಿಧಾನ. ತೀರಿಕೊಂಡ ಹಿರಿಯರ ದನಿ ಎಷ್ಟೋ ಮನೆಗಳಲ್ಲಿ ಉಳಿದಿರುವುದು ಈ ಎಎಂಆರ್ ರೂಪದಲ್ಲೇ, ಹಾಗಾಗಿ ಪ್ಲೇ ಆಗಲಿಲ್ಲವೆಂದು ಅಳಿಸಬೇಡಿ. ಇನ್ನು ಮೊದಲಿಂದ ಕೊನೆಯವರೆಗೂ ಬರೀ ಸೊನ್ನೆಗಳೇ ತುಂಬಿದ್ದರೆ ಪೆನ್‌ಡ್ರೈವ್ ಅಥವಾ ಕಾರ್ಡು ಕೈಕೊಟ್ಟಿದೆ. ಆ ಫೈಲನ್ನು ರಿಪೇರಿ ಮಾಡಲು ಅದರಲ್ಲಿ ಏನೂ ಉಳಿದಿಲ್ಲ, ಮೂಲ ಪ್ರತಿಯನ್ನೇ ಹುಡುಕಬೇಕು.

ಗುರುತು ಸರಿಯಿದ್ದೂ ಹಾಡದಿರಲು ಇನ್ನೊಂದು ಕಾರಣವಿದೆ. ಡಬ್ಬಿ ಬೇರೆ, ಒಳಗಿನ ಕೋಡೆಕ್, ಅಂದರೆ ಸದ್ದನ್ನು ಬರೆದು ಓದುವ ವಿಧಾನ, ಬೇರೆ. ವೇವ್ ಎಂದರೆ ಕುಗ್ಗಿಸದ ಸದ್ದು ಎಂಬ ನಂಬಿಕೆ ಇದೆ, ಅದು ಯಾವಾಗಲೂ ನಿಜವಲ್ಲ. ವೇವ್ ಡಬ್ಬಿಯ ಸಾಮಾನ್ಯ ರೂಪದಲ್ಲಿ 21 ಮತ್ತು 22ನೇ ಬೈಟುಗಳು ಒಳಗಿನ ಬಗೆಯನ್ನು ಹೇಳುತ್ತವೆ: 1 ಎಂದಿದ್ದರೆ ಕುಗ್ಗಿಸದ ಪಿಸಿಎಂ, 49 (ಹೆಕ್ಸ್ ಎಡಿಟರಿನಲ್ಲಿ 31) ಆದರೆ ಮೊಬೈಲ್ ಮಾತಿನ ಜಿಎಸ್‌ಎಂ, 85 (ಅಲ್ಲಿ 55) ಆದರೆ ಎಂಪಿ3. ಹೌದು, ವೇವ್ ಡಬ್ಬಿಯಲ್ಲಿ ಎಂಪಿ3! ಹಾಗೆಯೇ ಎಂ4ಎ ಒಳಗೆ ಎಎಸಿ ಇರಬಹುದು, ಆ್ಯಪಲ್‌ನ ಎಎಲ್‌ಎಸಿ ಕೂಡ ಇರಬಹುದು. ಡಬ್ಬಿ ತೆರೆಯಲು ಬರುವ ಪ್ಲೇಯರಿಗೆ ಒಳಗಿನ ಭಾಷೆ ಬಾರದಿದ್ದರೆ ಫಲ ಒಂದೇ, ಮೌನ.

ಎಲ್ಲ ಕೋಡೆಕ್‌ಗಳನ್ನೂ ಮೊದಲೇ ಯಾಕೆ ಹಾಕಿ ಕೊಡುವುದಿಲ್ಲ? ಬಹುಕಾಲ ಅದಕ್ಕೆ ಅಡ್ಡಿಯಾಗಿದ್ದು ಪೇಟೆಂಟು. ಎಂಪಿ3ಗೇ ಪರವಾನಗಿ ಬೇಕಿತ್ತು. ಅದರ ಪರವಾನಗಿ ಯೋಜನೆ ಮುಗಿದದ್ದು 2017ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಎಷ್ಟೋ ಆವೃತ್ತಿಗಳು ಎಂಪಿ3 ನುಡಿಸುವ ಶಕ್ತಿಯಿಲ್ಲದೆಯೇ ಬರುತ್ತಿದ್ದವು. ಓಪಸ್ 2012ರಲ್ಲಿ ಮಾನಕವಾಯಿತು, ಉಚಿತ ಕೂಡ. ಆದರೆ ಅದು ಬರುವ ಹೊತ್ತಿಗೆ ಹಳೆಯ ಪ್ಲೇಯರುಗಳು ತಯಾರಾಗಿ ಕೂತಿದ್ದವು. ವಾಟ್ಸ್‌ಆ್ಯಪಿನ ಧ್ವನಿ ಸಂದೇಶಗಳು ಪಿಟಿಟಿ ಎಂದು ಶುರುವಾಗುವ ಓಪಸ್ ಫೈಲುಗಳು. ಫೋನಿನಿಂದ ಕಂಪ್ಯೂಟರಿಗೆ ತಂದಾಗ ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರ್ ಕೈಚೆಲ್ಲುವುದು ಇದಕ್ಕೇ. ಬಾಲ ಬದಲಿಸುವ ಉಪಾಯ ಫಲಿಸುವ ಅಪರೂಪದ ಜಾಗವೂ ಇದೇ. ಡಬ್ಬಿ ಹೇಗೂ ಆಗ್ ಆದ್ದರಿಂದ, ಓಪಸ್ ಎಂಬ ಬಾಲವನ್ನಷ್ಟೇ ಗುರುತಿಸದ ಪ್ಲೇಯರುಗಳು ಒಜಿಜಿ ಎಂದು ಬರೆದರೆ ಒಪ್ಪಿಕೊಳ್ಳುತ್ತವೆ.

ಕೋಡೆಕ್ ಪ್ಯಾಕುಗಳ ಬೆನ್ನು ಹತ್ತುವುದಕ್ಕಿಂತ ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿಕೊಳ್ಳುವುದು ವಾಸಿ. ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಯೋಜನೆಯ ಕೂಸು ಅದು. ಕೋಡೆಕ್‌ಗಳನ್ನು ವಿಂಡೋಸಿನಿಂದ ಕಡ ಕೇಳದೆ ತನ್ನ ಜೋಳಿಗೆಯಲ್ಲೇ ಇಟ್ಟುಕೊಂಡಿರುತ್ತದೆ. ಫೈಲು ಓಡುತ್ತಿರುವಾಗ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿದರೆ ಕೋಡೆಕ್, ಚಾನೆಲ್, ಸ್ಯಾಂಪಲ್ ದರ ಎಲ್ಲ ತೋರಿಸುತ್ತದೆ. ವಿಎಲ್‌ಸಿಯಲ್ಲಿ ಹಾಡಿದ್ದು ಕಾರಿನಲ್ಲೂ ಹಾಡಬೇಕಿದ್ದರೆ ಮಾತ್ರ ಎಂಪಿ3ಗೆ ಪರಿವರ್ತಿಸಿ, ಮೂಲವನ್ನು ಹಾಗೇ ಉಳಿಸಿಕೊಳ್ಳಿ. ಒಮ್ಮೆ ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿದಾಗೆಲ್ಲ ಗುಣಮಟ್ಟ ಸ್ವಲ್ಪ ಸೋರುತ್ತದೆ.

ವಿಎಲ್‌ಸಿಯೂ ಸೋಲುವ ಒಂದು ಬಗೆ ಬೀಗ ಹಾಕಿದ ಫೈಲುಗಳದು. ಡಿಆರ್‌ಎಂ ಎಂಬ ನಕಲು ತಡೆಯುವ ಬೀಗದೊಂದಿಗೆ ಹಿಂದೆ ಕೊಂಡ ಡಬ್ಲ್ಯುಎಂಎ, ಆ್ಯಪಲ್‌ನ ಎಂ4ಪಿ, ಈಗಿನ ಸಂಗೀತದ ಆ್ಯಪುಗಳು ಆಫ್‌ಲೈನ್ ಕೇಳಲು ಇಳಿಸಿಕೊಡುವ ಹಾಡುಗಳು ಇವೆಲ್ಲ ಆ ಜಾತಿ. ಕೆಟ್ಟಿಲ್ಲ, ಬೀಗದ ಕೈ ನಿಮ್ಮ ಹತ್ತಿರ ಇಲ್ಲ, ಅಷ್ಟೇ.

ಇನ್ನು ನಿಜವಾಗಿ ಮುರಿದ ಫೈಲುಗಳು. ಇಲ್ಲಿ ಎಂಪಿ3ಗೂ ಎಂ4ಎಗೂ ಅಜಗಜಾಂತರ. ಎಂಪಿ3 ಸಣ್ಣ ಸಣ್ಣ ಫ್ರೇಮುಗಳ ಸರ. ಸಾಮಾನ್ಯ ಎಂಪಿ3ಯಲ್ಲಿ ಒಂದು ಫ್ರೇಮು 1,152 ಸ್ಯಾಂಪಲ್, ಅಂದರೆ ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಸದ್ದು. ಪ್ರತಿ ಫ್ರೇಮಿನ ತಲೆಯಲ್ಲೂ 'ನಾನು ಇಲ್ಲಿ ಶುರು' ಎಂಬ ಗುರುತು, ಸ್ಯಾಂಪಲ್ ದರ, ಬಿಟ್ ದರ ಬರೆದಿರುತ್ತದೆ. ಹಾಗಾಗಿ ಅರ್ಧ ಇಳಿದ ಎಂಪಿ3 ಅರ್ಧದವರೆಗೆ ಹಾಡುತ್ತದೆ. ನಡುವೆ ಒಂದು ತುಂಡು ಹಾಳಾಗಿದ್ದರೆ ಕಿಚಕ್ ಎಂದು ದಾಟಿ ಮುಂದೆ ಹೋಗುತ್ತದೆ. ಎಂ4ಎ ಹಾಗಲ್ಲ. ಅದರಲ್ಲಿ ಸದ್ದಿನ ತುಂಡುಗಳೆಲ್ಲ 'ಎಂಡ್ಯಾಟ್' ಎಂಬ ಖಾನೆಯಲ್ಲಿ ಗುರುತಿಲ್ಲದೆ ಒತ್ತೊತ್ತಾಗಿ ತುಂಬಿರುತ್ತವೆ. ಯಾವ ತುಂಡು ಎಲ್ಲಿ ಶುರು, ಎಷ್ಟುದ್ದ ಎಂಬ ಪರಿವಿಡಿ 'ಮೂವ್' ಎಂಬ ಇನ್ನೊಂದು ಖಾನೆಯಲ್ಲಿ. ಫೋನಿನ ರೆಕಾರ್ಡರುಗಳು ಸಾಮಾನ್ಯವಾಗಿ ಈ ಪರಿವಿಡಿಯನ್ನು ಬರೆಯುವುದು ನೀವು ಸ್ಟಾಪ್ ಒತ್ತಿದ ಮೇಲೆ. ಎರಡು ಗಂಟೆಯ ಉಪನ್ಯಾಸದ ಕೊನೆಯಲ್ಲಿ ಬ್ಯಾಟರಿ ಸತ್ತರೆ ಸದ್ದೆಲ್ಲ ಇದೆ, ಪರಿವಿಡಿ ಇಲ್ಲ. ಹೆಕ್ಸ್ ಎಡಿಟರಿನಲ್ಲಿ ಎಂ ಒ ಒ ವಿ ಹುಡುಕಿ. ಸಿಗದಿದ್ದರೆ ರೋಗ ಇದೇ. ಮದ್ದೂ ಇದೆ: ಅದೇ ಫೋನಿನಲ್ಲಿ, ಅದೇ ಆ್ಯಪಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ಒಂದೆರಡು ನಿಮಿಷ ಹೊಸದಾಗಿ ರೆಕಾರ್ಡ್ ಮಾಡಿ, ಆ ಆರೋಗ್ಯವಂತ ಫೈಲನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶ ಪರಿವಿಡಿಯನ್ನು ಮತ್ತೆ ಕಟ್ಟಲು ಯತ್ನಿಸುತ್ತದೆ. ಸೆಟ್ಟಿಂಗ್ ಬೇರೆಯಾದರೆ ಫಲಿತಾಂಶ ಕೆಡುತ್ತದೆ.

ವೇವ್‌ಗೆ ಬರುವ ಕಾಯಿಲೆ ಇನ್ನೂ ಸ್ವಾರಸ್ಯದ್ದು. ಅದರ ತಲೆಯಲ್ಲಿ ಗಾತ್ರ ಬರೆಯಲು ಇರುವ ಜಾಗ 4 ಬೈಟು ಮಾತ್ರ, ಹಾಗಾಗಿ 4,29,49,67,295ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಸಿಡಿ ಗುಣಮಟ್ಟದಲ್ಲಿ ಇದು ಆರೂ ಮುಕ್ಕಾಲು ಗಂಟೆ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ಆದರೆ ಸೆಕೆಂಡಿಗೆ 2,88,000 ಬೈಟು ಹರಿಯುವುದರಿಂದ 4 ಗಂಟೆ 8 ನಿಮಿಷಕ್ಕೇ ತುಂಬಿಬಿಡುತ್ತದೆ. ರಾತ್ರಿಯಿಡೀ ನಡೆಯುವ ಯಕ್ಷಗಾನ ರೆಕಾರ್ಡ್ ಮಾಡುವವರಿಗೆ ಇದು ಬರೀ ಲೆಕ್ಕದ ಮಾತಲ್ಲ. ಮಿತಿ ದಾಟಿದ್ದನ್ನು ಗಮನಿಸದ ತಂತ್ರಾಂಶದಲ್ಲಿ ಆ ಸಂಖ್ಯೆ ಹಳೆಯ ಸ್ಕೂಟರಿನ ಮೀಟರಿನಂತೆ ಸೊನ್ನೆಗೆ ಹೊರಳುತ್ತದೆ. ಆ 24 ಬಿಟ್ ದರದಲ್ಲಿ ಐದು ಗಂಟೆಯ ಪ್ರಸಂಗ ರೆಕಾರ್ಡ್ ಆಗಿರುತ್ತದೆ; ಪ್ಲೇಯರು ತೋರಿಸುವುದು 51 ನಿಮಿಷ. ಎಫ್‌ಎಟಿ32 ಎಂಬ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಒಂದು ಫೈಲು 4 ಜಿಬಿ ಮೀರುವಂತೆಯೇ ಇಲ್ಲದ್ದರಿಂದ ಒಳ್ಳೆಯ ರೆಕಾರ್ಡರುಗಳು ಮಿತಿಗೆ ಮೊದಲೇ ಹೊಸ ಫೈಲು ಶುರುಮಾಡುತ್ತವೆ. ಮತ್ತೊಂದು ಸಂದರ್ಭ, ನಡುವೆ ಕರೆಂಟು ಹೋದದ್ದು: ಆಗ ಗಾತ್ರದ ಜಾಗದಲ್ಲಿ ಸೊನ್ನೆಯೇ ಉಳಿದಿರಬಹುದು. ಪ್ಲೇಯರಿನ ಪಾಲಿಗೆ ಅದು ಖಾಲಿ ಫೈಲು.

ಎರಡರಲ್ಲೂ ಸದ್ದು ಎಲ್ಲೂ ಹೋಗಿಲ್ಲ. ಒಡಾಸಿಟಿ ಎಂಬ ಉಚಿತ ಆಡಿಯೊ ಎಡಿಟರ್ ತೆರೆದು ಫೈಲ್, ಇಂಪೋರ್ಟ್, ರಾ ಡೇಟಾ ಎಂದು ಹೋಗಿ. ಸೈನ್ಡ್ 16 ಬಿಟ್ ಪಿಸಿಎಂ, ಲಿಟ್ಲ್ ಎಂಡಿಯನ್, 2 ಚಾನೆಲ್, 44,100 ಎಂದು ಆರಿಸಿ, ಆರಂಭದಲ್ಲಿ 44 ಬೈಟು ಬಿಡಲು ಹೇಳಿ. ರೆಕಾರ್ಡರ್ 24 ಬಿಟ್ಟಿನದಾಗಿದ್ದರೆ ಅದನ್ನೇ ಕೊಡಬೇಕು. ಕೆಲವು ರೆಕಾರ್ಡರುಗಳ ತಲೆಬರಹ 44ಕ್ಕಿಂತ ಬಹಳ ದೊಡ್ಡದು. ಹೆಕ್ಸ್ ಎಡಿಟರಿನಲ್ಲಿ ಡಿ ಎ ಟಿ ಎ ಎಂಬ ನಾಲ್ಕಕ್ಷರ ಹುಡುಕಿ, ಆ ಡಿ ಇರುವ ಜಾಗದಿಂದ 8 ಬೈಟು ಎಣಿಸಿದರೆ ಸದ್ದಿನ ಶುರು ಸಿಗುತ್ತದೆ. ಪ್ಲೇ ಒತ್ತುವ ಮುನ್ನ ವಾಲ್ಯೂಮ್ ತಗ್ಗಿಸಿಕೊಳ್ಳಿ. ಲೆಕ್ಕ ಒಂದು ಬೈಟು ತಪ್ಪಿದರೂ ತಗಡಿನ ಸೂರಿನ ಮೇಲೆ ಜಡಿಮಳೆ ಸುರಿದಂಥ ಗದ್ದಲ ಹೊರಡುತ್ತದೆ.

ಗದ್ದಲವಿಲ್ಲದೆ ಹಾಡು ಬಂದರೂ ಕಿವಿಯಿಟ್ಟು ಕೇಳಬೇಕು. ಭಾಗವತರ ದನಿ ಎರಡು ಪಟ್ಟು ನಿಧಾನವಾಗಿ ಪಾತಾಳದಿಂದ ಬಂದರೆ ಸ್ಟೀರಿಯೊವನ್ನು ಮೊನೊ ಎಂದು ಓದಿಸಿದ್ದೀರಿ. ಗುಬ್ಬಿಯಂತೆ ಚಿಲಿಪಿಲಿ ಎಂದರೆ ಅದರ ತಿರುಗುಮುರುಗು. ಎಲ್ಲ ಸರಿಯಾಗಿದೆ ಎನಿಸಿದರೂ ಶ್ರುತಿ ಕೊಂಚ ಇಳಿದು, ಚೆಂಡೆ ಸ್ವಲ್ಪ ಸೋಮಾರಿಯಾಗಿದ್ದರೆ 48,000ದಲ್ಲಿ ರೆಕಾರ್ಡ್ ಆದದ್ದನ್ನು 44,100ರಲ್ಲಿ ಓಡಿಸುತ್ತಿದ್ದೀರಿ. ಈ ವ್ಯತ್ಯಾಸ ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಸುಮಾರು ಒಂದೂವರೆ ಮನೆ, ಅಭ್ಯಾಸವಿಲ್ಲದ ಕಿವಿಗೆ ಸುಲಭವಾಗಿ ತಿಳಿಯದು; ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಹಾಕಿಕೊಂಡರೆ ತಕ್ಷಣ ಗೊತ್ತಾಗುತ್ತದೆ. ದರ ಸರಿಮಾಡಿ, ಹೊಸ ಹೆಸರಿನಲ್ಲಿ ಫ್ಲ್ಯಾಕ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಹಾಳಾದ ಮೂಲ ಫೈಲನ್ನು, ಹೊಸದನ್ನು ಕೊನೆಯವರೆಗೂ ಕೇಳಿ ಮುಗಿಸುವ ತನಕ, ಕಾರ್ಡಿನಿಂದ ಅಳಿಸಬೇಡಿ.