ಅಕ್ಟೋಬರ್‌ಗೆ ಜರ್ಮನಿ: ಅಲ್ಲಿಯವರೆಗಿನ ರಜೆಯಲ್ಲಿ ಏನು ಮಾಡಲಿ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎಕ್ಸ್‌ಚೇಂಜ್ ಯೋಜನೆಯಲ್ಲಿ ಒಂದು ಸೆಮಿಸ್ಟರ್ ಓದಲು ಅಕ್ಟೋಬರ್‌ಗೆ ಜರ್ಮನಿಗೆ ಹೋಗುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಸಿಗುವ ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಲೇ, ಜರ್ಮನ್ ಕಲಿಯಲೇ, ಊರಲ್ಲೇ ಇರಲೇ?

ಉತ್ತರ: ಊರಲ್ಲೇ ಇರಿ ಎನ್ನುವುದು ನನ್ನ ಸಲಹೆ. ದಿನವಿಡೀ ಕಟ್ಟಿಹಾಕುವ ಇಂಟರ್ನ್‌ಶಿಪ್ ಈ ರಜೆಗೆ ಬೇಡ, ಅದು ಮುಂದೆಯೂ ಸಿಗುತ್ತದೆ. ಆದರೆ ರಜೆಯ ಮೊದಲ ಪಾಲು ಕಾಗದಪತ್ರಗಳದ್ದು. ಅದನ್ನು ಬೇಗ ಮುಗಿಸಿದರೆ ಉಳಿದ ದಿನಗಳು ನಿಮ್ಮವು. ಇಲ್ಲದಿದ್ದರೆ ಹೊರಡುವ ಹಿಂದಿನ ವಾರವೂ ಬ್ಯಾಂಕು, ನೋಟರಿ ಎಂದು ಅಲೆಯುವುದರಲ್ಲೇ ಕಳೆದುಹೋಗುತ್ತದೆ.

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠ ಶುರುವಾಗುವುದು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಲ್ಲಿ. ನೀವು ಅಲ್ಲಿ 90 ದಿನಕ್ಕಿಂತ ಹೆಚ್ಚು ಇರುವುದರಿಂದ ಪ್ರವಾಸಿ ವೀಸಾ ಸಾಲದು, ದೀರ್ಘಾವಧಿಗೆ ಕೊಡುವ ನ್ಯಾಷನಲ್ ವೀಸಾ ಬೇಕು. ಖರ್ಚಿಗೆ ಹಣವಿದೆ ಎಂದು ತೋರಿಸಲು ಹೆಚ್ಚಿನವರು ಬ್ಲಾಕ್ಡ್ ಅಕೌಂಟ್ ತೆರೆಯುತ್ತಾರೆ, ಅಂದರೆ ಮೊದಲೇ ಹಣ ಕಟ್ಟಿ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904 ಯೂರೋ. ಅರ್ಜಿ ಹಾಕುವ ದಿನ ಇದು ಬದಲಾಗಿದೆಯೇ ಎಂದು ದೂತಾವಾಸದ ಪಟ್ಟಿಯಲ್ಲಿ ನೋಡಿಕೊಳ್ಳಿ. ಸಣ್ಣ ಊರಿನ ಬ್ರಾಂಚ್‌ಗೆ ವಿದೇಶಕ್ಕೆ ಹಣ ಕಳಿಸುವುದು ದಿನನಿತ್ಯದ ಕೆಲಸವಲ್ಲ, ಫೈಲು ದೊಡ್ಡ ಬ್ರಾಂಚ್‌ಗೆ ಹೋಗಿ ಬರಬೇಕಾಗುತ್ತದೆ. ಆದ್ದರಿಂದ ಅಪ್ಪ ಅಮ್ಮನ ಜೊತೆ ಬ್ಯಾಂಕಿಗೆ ಮೊದಲ ವಾರದಲ್ಲೇ ಹೋಗಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ: ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅವೇ ಊರಿನ ಹೆಸರು, ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತವೆ. ನೋಡುವವರಿಗೆ ಇಬ್ಬರು ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಅಲ್ಲಿಂದ ಬರುವ ಪ್ರವೇಶ ಪತ್ರ, ವಿಮೆ, ಟಿಕೆಟ್ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಮಾರ್ಕ್ಸ್ ಕಾರ್ಡಿನ ಹೆಸರೂ ನಿಮ್ಮದೇ ಎನ್ನುವ ಅಫಿಡವಿಟ್ ಒಂದನ್ನು ಮಾಡಿಸಿಟ್ಟುಕೊಳ್ಳಿ.

ವೀಸಾ ಬರಲಿ, ಆಮೇಲೆ ರೂಮು ನೋಡೋಣ ಎಂದು ಕಾಯಬೇಡಿ. ವಿದ್ಯಾರ್ಥಿ ಹಾಸ್ಟೆಲ್‌ಗಳನ್ನು ಅಲ್ಲಿ ಸ್ಟುಡೀರೆಂಡನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಗಳು ನಡೆಸುತ್ತವೆ. ಮ್ಯೂನಿಕ್‌ನಂಥ ನಗರಗಳಲ್ಲಿ ಕಾಯುವವರ ಸಾಲು ಬಹಳ ಉದ್ದ. ಖಾಸಗಿ ಮನೆಯಾದರೆ ಕರಾರುಪತ್ರ ಕೈಗೆ ಬಾರದೆ ಅಡ್ವಾನ್ಸ್ ಕಳಿಸಲೇಬೇಡಿ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಸಹಿ ಮಾಡಿಕೊಡಲು ಒಪ್ಪದವರ ರೂಮು ಎಷ್ಟೇ ಅಗ್ಗವಾದರೂ ಬೇಡ.

ಫೋನಿನ ವಿಷಯ ಚಿಕ್ಕದು, ಆದರೆ ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಬ್ಯಾಂಕಿನ ಒಟಿಪಿ ಬರುವುದು ಇಲ್ಲಿಯ ನಂಬರಿಗೆ. ಹೊರಡುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ, ಸಿಮ್ ಬಂದ್ ಆಗದಂತೆ ರೀಚಾರ್ಜ್ ಮಾಡುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ. ಡೆಬಿಟ್ ಕಾರ್ಡಿನ ವಿದೇಶಿ ಬಳಕೆಯನ್ನೂ ಇಲ್ಲೇ ತೆರೆದಿಟ್ಟುಕೊಳ್ಳಿ. ಹಲ್ಲು, ಕಣ್ಣು ತೋರಿಸಿಕೊಳ್ಳಿ, ಇನ್ನೊಂದು ಜೊತೆ ಕನ್ನಡಕ ಮಾಡಿಸಿ. ದಿನವೂ ನುಂಗುವ ಮಾತ್ರೆಗಳಿದ್ದರೆ ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ.

ಇವೆಲ್ಲ ಒಂದು ಹದಕ್ಕೆ ಬಂದ ಮೇಲೆ ಅಡುಗೆಮನೆಗೆ ಹೋಗಿ. ನನ್ನ ಕೇಳಿದರೆ ಈ ರಜೆಯಲ್ಲಿ ಕಲಿಯಬೇಕಾದ ಮೊದಲ ವಿದ್ಯೆ ಇದೇ. ಅನ್ನ, ತಿಳಿಸಾರು, ಒಂದು ಪಲ್ಯ, ಉಪ್ಪಿಟ್ಟು, ಚಿತ್ರಾನ್ನ: ಇಷ್ಟು ಯಾರನ್ನೂ ಕೇಳದೆ ಮಾಡಲು ಬಂದರೆ ಸಾಕು. ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಕತ್ತಲಾಗುತ್ತದೆ, ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಅಂಥ ದಿನ ಬಿಸಿ ಸಾರಿನ ಬೆಲೆ ದೊಡ್ಡದು. ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ಕರೆಂಟಿನ ಒಲೆ ಇರುತ್ತದೆ, ಆದ್ದರಿಂದ ಮನೆಯಲ್ಲೂ ಇಂಡಕ್ಷನ್ ಒಲೆಯ ಮೇಲೆಯೇ ಅಭ್ಯಾಸ ಮಾಡಿ. ಅದಕ್ಕೆ ಒಗ್ಗುವ ತಳದ ಚಿಕ್ಕ ಕುಕ್ಕರ್ ಒಂದಿರಲಿ.

ಅಮ್ಮ ಡಬ್ಬಿ ತುಂಬುವಾಗ ಇಷ್ಟು ಹೇಳಿ: ಪ್ರಯಾಣಿಕರು ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಅಂದರೆ ತುಪ್ಪವೂ ಇಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸಾರಿನ ಪುಡಿ, ಚಟ್ನಿಪುಡಿ ಧಾರಾಳವಾಗಿ ಹೋಗಲಿ. ದಪ್ಪ ಕೋಟನ್ನು ಮಾತ್ರ ಅಲ್ಲೇ ಕೊಳ್ಳಿ.

ಜರ್ಮನ್ ಖಂಡಿತ ಕಲಿಯಿರಿ. ಪಾಠ ಇಂಗ್ಲಿಷಿನಲ್ಲಿದ್ದರೂ ಹಾಸ್ಟೆಲ್ಲಿನ ನೋಟಿಸು, ರೈಲಿನ ಪ್ಲಾಟ್‌ಫಾರ್ಮ್ ಬದಲಾದ ಘೋಷಣೆ ಜರ್ಮನ್‌ನಲ್ಲೇ ಬರುತ್ತವೆ. ಬೆಂಗಳೂರಿನಲ್ಲಿದ್ದರೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಎನ್ನುವ ಮೊದಲ ಹಂತದ ತರಗತಿಗೆ ಸೇರಬಹುದು. ಊರಲ್ಲಿದ್ದೇ ಆನ್‌ಲೈನ್‌ನಲ್ಲಿ ಕಲಿತರೂ ಸರಿ, ದಿನಕ್ಕೊಂದು ಗಂಟೆ ತಪ್ಪಿಸಬೇಡಿ.

ಸುತ್ತಾಟದ ಕನಸು ಇದ್ದೇ ಇರುತ್ತದೆ, ಇರಬೇಕು. ಜರ್ಮನಿಯ ವೀಸಾದಲ್ಲೇ ಉಳಿದ ಷೆಂಗೆನ್ ದೇಶಗಳಲ್ಲಿ (ತಮ್ಮ ನಡುವಿನ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನಗಳಲ್ಲಿ 90 ದಿನ ತಿರುಗಾಡಬಹುದು. ಬ್ರಿಟನ್, ಐರ್ಲೆಂಡ್ ಷೆಂಗೆನ್ ಒಳಗಿಲ್ಲ, ಅಲ್ಲಿಗೆ ಬೇರೆ ವೀಸಾ. ಎಲ್ಲ ವಾರಾಂತ್ಯಕ್ಕೂ ಈಗಲೇ ಟಿಕೆಟ್ ಕಾಯ್ದಿರಿಸಬೇಡಿ. ನೀವು ಇರುವ ಊರನ್ನೇ ನಡೆದು ನೋಡಲು ಮೊದಲ ತಿಂಗಳು ಬೇಕು.

ಕೊನೆಯದಾಗಿ, ನಿಮ್ಮ ಕಾಲೇಜಿನ ಜೊತೆಗಿನ ಲೆಕ್ಕ. ಅಲ್ಲಿ ಪಾಠ ಮುಗಿಯುವುದು ಫೆಬ್ರವರಿ ಮಧ್ಯದ ಹೊತ್ತಿಗೆ, ಕೆಲವು ಪರೀಕ್ಷೆಗಳು ಅದರ ನಂತರ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರಬಹುದು. ಯಾವ ವಿಷಯಕ್ಕೆ ಯಾವ ಕ್ರೆಡಿಟ್ ಎನ್ನುವ ಒಪ್ಪಂದಕ್ಕೆ ಎರಡೂ ಕಡೆಯ ಸಹಿ ಹಾಕಿಸಿ. ತಪ್ಪುವ ತರಗತಿಗಳ ಹಾಜರಾತಿ ಏನಾಗುತ್ತದೆ ಎಂದು ವಿಭಾಗದ ಮುಖ್ಯಸ್ಥರಿಂದ ಬರಹದಲ್ಲಿ ಪಡೆಯಿರಿ, ಬಾಯಿಮಾತು ಸಾಲದು. ಅಲ್ಲಿಯ ಪರೀಕ್ಷೆಯ ದಿನಾಂಕ ತಡವಾಗಿ ಗೊತ್ತಾಗುವುದುಂಟು, ಹಾಗಾಗಿ ಸ್ವಲ್ಪ ದುಬಾರಿಯಾದರೂ ದಿನಾಂಕ ಬದಲಿಸಲು ಬರುವ ರಿಟರ್ನ್ ಟಿಕೆಟ್ಟನ್ನೇ ಕೊಳ್ಳಿ.